ಹಲ್ಲು ಕಿತ್ತ ಜಾಗ

ಎರಡನೆಯ ಕೊಡದ ಬಾಯಿಗೆ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ಪದ್ಮವ್ವ ಬಾವಿಯಿಂದ ಸೇದಿದ ನೀರನ್ನು ಸಣ್ಣ ಧಾರೆಯಾಗಿ ಸುರಿಯುತ್ತಿದ್ದಳು. ಸೋಸಿದರೆ ಮುಗಿಯಿತು ಅನ್ನುವ ಕೆಲಸವಲ್ಲ ಅದು. ಬಟ್ಟೆಯನ್ನು ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಒಂದಿಷ್ಟು ಹರಿಸಿ, ಬಟ್ಟೆಗೆ ಅಂಟಿಕೊಂಡ, ಕಣ್ಣಿಗೆ ಕಾಣದ ಜೀವಗಳನ್ನು ತಂಬಿಗೆಯಲ್ಲಿ ಹಿಡಿದು, ಹಗ್ಗ ಕಟ್ಟಿ ಮೆಲ್ಲಗೆ ಬಾವಿಗೇ ಇಳಿಸಬೇಕು. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ತೇರದಾಳದ ಆ ಜೈನರ ಮನೆಗೆ ಸೊಸೆಯಾಗಿ ಬಂದ ಮರುದಿನದಿಂದ ಈ ಕೆಲಸ ಅವಳದೇ. ಮನೆಯೊಳಗೆ ನಳ ಬಂದ ಮೇಲೂ ಕುಡಿಯುವ ನೀರಿಗೆ ಅವಳು ಬಾವಿ ಬಿಟ್ಟಿರಲಿಲ್ಲ.

ಅಂದು ತಂಬಿಗೆ ನೀರಿಗೆ ತಾಗುವ ಹೊತ್ತಿಗೆ ಬಾಯೊಳಗೆ ಉಪ್ಪುಪ್ಪು ರುಚಿ ಬಂತು. ಪಕ್ಕಕ್ಕೆ ತಿರುಗಿ ಉಗುಳಿದಳು. ಕೆಂಪಗಿತ್ತು.

ಕೆಳದವಡೆಯ ಎಡಗಡೆಯ ಎರಡು ಹಲ್ಲು ಅಲುಗಾಡತೊಡಗಿ ಆರು ತಿಂಗಳಾಗಿತ್ತು. ನೋವನ್ನು ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವಳನ್ನು ಹೆದರಿಸಿದ್ದು ರಕ್ತ. ವ್ರತ ಹಿಡಿದವರು ಊಟದ ನಡುವೆ ರಕ್ತ ಕಂಡರೆ ತಾಟು ಬಿಟ್ಟು ಏಳಬೇಕು; ಅದಕ್ಕೆ ಅಂತರಾಯ ಅನ್ನುತ್ತಾರೆ. ಆಷಾಢದಿಂದ ಈಚೆಗೆ ವಾರದಲ್ಲಿ ಮೂರು ದಿನವಾದರೂ ಅಂತರಾಯವಾಗುತ್ತಿತ್ತು. ಎರಡು ತುತ್ತು ರೊಟ್ಟಿ ಅಗಿಯುವಷ್ಟರಲ್ಲಿ ತುತ್ತಿಗೆ ಕೆಂಪು ಹತ್ತುತ್ತಿತ್ತು, ಅವಳು ಕೈ ತೊಳೆದುಕೊಂಡು ಏಳುತ್ತಿದ್ದಳು. ಸೂರ್ಯ ಮುಳುಗಿದ ಮೇಲೆ ನೀರೂ ಇಲ್ಲ. ಮೈ ಇಳಿದು ಸೀರೆಯ ನಿರಿಗೆ ಒಂದೊಂದಾಗಿ ಹೆಚ್ಚಾಗುತ್ತಿತ್ತು.

ಇನ್ನೊಂದು ಮಾತೂ ಇತ್ತು. ಅದೇ ದೊಡ್ಡದು. ಅವಳ ತಂಗಿ ಕಾಂಚನಾ ಮೂವತ್ತು ವರ್ಷದ ಹಿಂದೆ ದೀಕ್ಷೆ ತೆಗೆದುಕೊಂಡು ಹೋದವಳು. ಈಗ ಆಕೆ ತಂಗಿಯಲ್ಲ, ಮಾತಾಜಿ, ಅಕ್ಕನಾದವಳೇ ಕಾಲಿಗೆರಗಬೇಕು. ಹನ್ನೊಂದು ವರ್ಷದ ಹಿಂದೆ ಅವರ ಮುಂದೆಯೇ ಕೂತು ಪದ್ಮವ್ವ ವ್ರತ ಹಿಡಿದಿದ್ದಳು. ಜೀವ ಕೊಲ್ಲುವುದಿಲ್ಲ, ಕೊಂದದ್ದನ್ನು ಬಾಯಿಗೆ ಇಡುವುದಿಲ್ಲ, ಸುಳ್ಳಾಡುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಹೀಗೆ. ಈ ವರ್ಷ ಅವಳಿಗೆ ಒಪ್ಪತ್ತಿನ ವ್ರತ ಬೇಕಾಗಿತ್ತು. ಇರುವಷ್ಟು ದಿನ ದಿನಕ್ಕೊಂದೇ ಊಟ. ಕಾಂಚನಾ ಹೋದ ದಾರಿಯಲ್ಲಿ ತಾನೂ ನಾಲ್ಕು ಹೆಜ್ಜೆ ಇಡಬೇಕು, ಅದಕ್ಕೆ ಇನ್ನು ಬಹಳ ವರ್ಷ ಉಳಿದಿಲ್ಲ ಎಂದು ಅವಳ ಲೆಕ್ಕ. ದರ್ಶನಕ್ಕೆ ಹೋದವರ ಕೈಯಲ್ಲಿ ಹೇಳಿ ಕಳಿಸಿದ್ದಳು. ಮಾತಾಜಿ ಹೇಳಿ ಕಳಿಸಿದ ಉತ್ತರ ಇಷ್ಟೇ: ಹಿಡಿದ ವ್ರತಗಳು ಕೆಡದೆ ನಡೆದಿವೆಯೋ ಇಲ್ಲವೋ, ತನ್ನ ಕೈಯಾರೆ ಬರೆದು ಕಳಿಸಲಿ, ಓದಿ ಹೇಳುತ್ತೇನೆ.

ಮಾತಾಜಿಗೆ ಪತ್ರ ಮುಟ್ಟುವುದು ಮಳೆಗಾಲದ ನಾಲ್ಕು ತಿಂಗಳು ಮಾತ್ರ. ಚಾತುರ್ಮಾಸದಲ್ಲಿ ಮಾತಾಜಿಯಿರುವ ಸಂಘ ಒಂದೇ ಊರಿನಲ್ಲಿ ನಿಲ್ಲುತ್ತದೆ; ಆ ವರ್ಷ ಕೊಲ್ಹಾಪುರದ ಕಡೆಯ ಒಂದು ಬಸದಿಯಲ್ಲಿತ್ತು. ದೀಪಾವಳಿ ಮುಗಿಯಿತೆಂದರೆ ಬರಿಗಾಲಲ್ಲಿ ಹೊರಟುಬಿಡುತ್ತಾರೆ. ಇಂದು ಈ ಊರು, ನಾಳೆ ಆ ಊರು. ಅವರಿಗೆ ವಿಳಾಸ ಅನ್ನುವುದೇ ಇರುವುದಿಲ್ಲ. ಉತ್ತರ ಬಂದು ಒಂದು ವಾರವಾಗಿತ್ತು. ಬರೆಯಲು ಕೂತವಳಿಗೆ ಈ ರಕ್ತದ್ದೊಂದು ಬಗೆಹರಿಯಲಿ, ಆಮೇಲೆ ಬರೆದರಾಯಿತು ಅನ್ನಿಸಿ ಹಾಳೆ ಮಡಚಿಟ್ಟಿದ್ದಳು.

ಆ ದಿನವೂ ಮಧ್ಯಾಹ್ನ ಅವಳು ತಾಟು ಬಿಟ್ಟೆದ್ದಳು. ಊರೆಲ್ಲ ಬಂಡಣ್ಣ ಎಂದು ಕರೆಯುವ ಅವಳ ಗಂಡನೂ ಕೈ ಹಿಂದೆ ತೆಗೆದ.

"ನೀ ಹಿಂಗ ದಿನಾ ತಾಟ ಬಿಟ್ಟ ಎದ್ದರ ನಾ ಹೆಂಗ ಉಣ್ಣಲಿ ಹೇಳ," ಅಂದ. "ಹಲ್ಲಿದ್ದಾಗ ಎರಡ ಹೊತ್ತಿಂದ ಸಾಗವಲ್ದು. ಹಲ್ಲಿಲ್ಲದ ಒಪ್ಪತ್ತ ಮಾಡಾಕಿ ನೀ."

ಮರುದಿನ ಸೊಸೆ ಸುಪ್ರೀತಾ ಅವಳನ್ನು ಕರೆದುಕೊಂಡು ಜಮಖಂಡಿಯ ಬಸ್ಸು ಹತ್ತಿದಳು. ಬನಹಟ್ಟಿ, ರಬಕವಿ ದಾಟುವವರೆಗೂ ಪದ್ಮವ್ವ ನಾಲಿಗೆಯಿಂದ ಆ ಎರಡು ಹಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಕಿತ್ತರೆ ಎಷ್ಟು ರಕ್ತ ಬರಬಹುದು, ಅದು ಸಂಜೆಯೊಳಗೆ ನಿಲ್ಲದಿದ್ದರೆ ಮರುದಿನದ ಬೆಳಗಿನವರೆಗೆ ಉಪವಾಸ, ಬಿಪಿಯ ಗುಳಿಗೆ ಬರಿ ಹೊಟ್ಟೆಯಲ್ಲಿ ನುಂಗುವಂತಿಲ್ಲ. ಒಂದರ ಹಿಂದೊಂದು ಯೋಚನೆಗಳು ಬರುತ್ತಿದ್ದವು.

ಡಾಕ್ಟರ್ ವೈಶಾಲಿ ಮುಧೋಳದ ಹುಡುಗಿ. ವಯಸ್ಸು ಮೂವತ್ತರ ಆಚೀಚೆ. ಜಮಖಂಡಿಯಲ್ಲಿ ಹಲ್ಲಿನ ದವಾಖಾನೆ ತೆರೆದು ನಾಲ್ಕು ವರ್ಷವಾಗಿತ್ತು. ಫೋಟೋ ತೆಗೆದು ಬೆಳಕಿಗೆ ಹಿಡಿದು ತೋರಿಸಿದಳು. ಹಲ್ಲಿನ ಬೇರಿನ ಸುತ್ತ ಇರಬೇಕಾದ ಎಲುಬು ಕರಗಿ ಹೋಗಿತ್ತು.

"ಆಯಿ, ಇವೆರಡೂ ನಿಲ್ಲಂಗಿಲ್ರಿ. ತಗೀಬೇಕು. ತಗದ ಮ್ಯಾಲ ಆ ಜಾಗಾಕ್ಕ ಏನ ಹಾಕಿಸ್ಕೋತೀರಿ ಅಂಬೋದು ನೀವ ಹೇಳ್ರಿ."

ಮೇಜಿನ ಮೇಲೆ ದವಡೆಯದೊಂದು ಗೊಂಬೆ ಇತ್ತು. ಅದರ ಮೇಲೆ ಬೆರಳಿಟ್ಟು ಡಾಕ್ಟರು ತಿಳಿಸಿ ಹೇಳಿದಳು. ಎಲುಬಿನೊಳಗೆ ಸ್ಕ್ರೂ ಕೂಡಿಸಿ ಅದರ ತಲೆಯ ಮೇಲೆ ಹಲ್ಲು ಹಾಕಿದರೆ ಸ್ವಂತ ಹಲ್ಲಿನ ಹಾಗೆಯೇ ಗಟ್ಟಿ. ಇಲ್ಲವೆಂದರೆ ಆಚೀಚಿನ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಿ ಅವುಗಳ ಆಧಾರದ ಮೇಲೆ ಸೇತುವೆಯಂತೆ ನಾಲ್ಕು ಹಲ್ಲಿನ ಸಾಲು ಕೂಡಿಸಬಹುದು; ಆದರೆ ಪದ್ಮವ್ವನ ಆಚೀಚಿನ ಹಲ್ಲು ಗಟ್ಟಿ ಇದ್ದಾವೆ, ಚೆನ್ನಾಗಿರುವುದನ್ನು ಸವೆಸಲು ತನಗೆ ಮನಸ್ಸಿಲ್ಲ ಅಂದಳು. ಕಡೆಯದು, ತೆಗೆದು ಹಾಕುವ ಪ್ಲೇಟು. ಮೊದಮೊದಲು ಒತ್ತುತ್ತದೆ, ಅಗಿಯುವುದು ನಿಧಾನ, ರಾತ್ರಿ ತೆಗೆದು ನೀರಿನಲ್ಲಿಡಬೇಕು. ಡಾಕ್ಟರ ಮನಸ್ಸು ಸ್ಕ್ರೂ ಕಡೆಗಿತ್ತು. ಎಲುಬು ತೆಳುವಾಗಿರುವುದರಿಂದ ಹಲ್ಲು ಕಿತ್ತ ಕುಳಿಯಲ್ಲಿ ಆವತ್ತೇ ಎಲುಬಿನ ಪುಡಿ ತುಂಬಿಬಿಟ್ಟರೆ ಆರು ತಿಂಗಳಲ್ಲಿ ಗಟ್ಟಿಯಾಗುತ್ತದೆ ಅಂದಳು.

ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಪದ್ಮವ್ವ ಕುರ್ಚಿಯಲ್ಲಿ ಎದ್ದು ಕೂತಳು.

"ಅದು ಯಾರ ಎಲುಬ್ರಿ?"

ಡಾಕ್ಟರು ಒಂದು ಕ್ಷಣ ಸುಪ್ರೀತಾಳ ಮುಖ ನೋಡಿ, ಮುಚ್ಚಿಡದೆ ಹೇಳಿದಳು. ಹೆಚ್ಚಾಗಿ ದನದ್ದು. ಸುಟ್ಟು ಶುದ್ಧ ಮಾಡಿರುತ್ತಾರೆ. ಕಾರ್ಖಾನೆಯಲ್ಲಿ ಮಾಡಿದ್ದೂ ಸಿಗುತ್ತದೆ, ತರಿಸಬೇಕು. ಪದ್ಮವ್ವನಿಗೆ ತರಿಸುವುದೂ ಬೇಡವಾಯಿತು. ಒಂದರ ಬದಲು ಇನ್ನೊಂದು ಬಂದುಬಿಟ್ಟರೆ ತನಗೆ ಹೇಗೆ ತಿಳಿಯಬೇಕು? ಪ್ಲೇಟು ಯಾತರದ್ದು ಎಂದು ಕೇಳಿದಳು. ಪ್ಲಾಸ್ಟಿಕ್ ಜಾತಿಯದು. ಅದರ ಗುಲಾಬಿ ಬಣ್ಣ ಯಾತರದ್ದು ಎಂದು ಕೇಳಿದಳು. ಚುಚ್ಚುವ ಔಷಧ ಯಾತರದ್ದು, ಬಾಯಿ ಮುಕ್ಕಳಿಸುವ ನೀರು ಯಾತರದ್ದು. ಕ್ಯಾಪ್ಸೂಲು ಬೇಡ, ಅದರ ಕವಚ ಚರ್ಮದಿಂದ ಮಾಡಿದ್ದು, ಗುಳಿಗೆಯನ್ನೇ ಬರೆಯಿರಿ, ಅದನ್ನೂ ಬೆಳಗಿನ ಏಳಕ್ಕೊಂದು ಸಂಜೆ ಆರರೊಳಗೊಂದು ನುಂಗುವ ಹಾಗೆ ಬರೆಯಿರಿ ಅಂದಳು. ಡಾಕ್ಟರು ಬೇಸರ ಮಾಡಿಕೊಳ್ಳದೆ ಎಲ್ಲಕ್ಕೂ ಉತ್ತರ ಕೊಟ್ಟು ಹಾಗೆಯೇ ಬರೆದಳು. ಹೊರಗೆ ಕಾಯುತ್ತಿದ್ದವರು ಮಾತ್ರ ಎರಡು ಸಲ ಬಾಗಿಲಲ್ಲಿ ಹಣಿಕಿ ಹಾಕಿದರು.

ಹಲ್ಲು ಕೀಳುವುದು ಎರಡು ದಿನ ಬಿಟ್ಟು, ಬೆಳಿಗ್ಗೆ ಹತ್ತಕ್ಕೆ ಎಂದಾಯಿತು. ಅಂದು ಕಿತ್ತದ್ದು ಸುಲಭವಾಗಿಯೇ ಆಯಿತು, ರಕ್ತ ಮಾತ್ರ ನಿಲ್ಲಲಿಲ್ಲ. ಹತ್ತಿ ಬದಲಿಸಿದರು, ಕಚ್ಚಿ ಹಿಡಿಯಿರಿ ಅಂದರು, ಮತ್ತೆ ಬದಲಿಸಿದರು. ಪದ್ಮವ್ವ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಮಧ್ಯಾಹ್ನ ಒಂದು ದಾಟಿದ ಮೇಲೆ ಡಾಕ್ಟರು ಸಣ್ಣ ಬಿಳಿಯ ತುಂಡೊಂದನ್ನು ಚಿಮಟಿಗೆಯಲ್ಲಿ ಹಿಡಿದು ಕುಳಿಯೊಳಗೆ ಒತ್ತಿದಳು. ಐದು ನಿಮಿಷದಲ್ಲಿ ರಕ್ತ ನಿಂತಿತು. ಹತ್ತಿ ಇರಬೇಕು ಎಂದುಕೊಂಡು ಪದ್ಮವ್ವ ಉಸಿರು ಬಿಟ್ಟಳು. ಮತ್ತೆ ರಕ್ತ ಬಂದೀತೆಂದು ನಾಲ್ಕರವರೆಗೆ ಅಲ್ಲೇ ಕೂಡಿಸಿಕೊಂಡರು. ಐದೂವರೆಗೆ ಮನೆ ಮುಟ್ಟಿ, ಹೊತ್ತು ಮುಳುಗುವುದರೊಳಗೆ ತಣ್ಣಗಿನ ಅಂಬಲಿ ಕುಡಿದು, ಗುಳಿಗೆ ನುಂಗಿದಳು. ಆ ಸಂಜೆ ಅವಳಿಗೆ ಎಷ್ಟೋ ದಿನದ ಮೇಲೆ ನೆಮ್ಮದಿಯಿತ್ತು.

ಮೂರನೆಯ ದಿನ ತೋರಿಸಲು ಹೋದಾಗ ಡಾಕ್ಟರು ಗಾಯ ನೋಡಿ, ಚಲೋ ಆಗಿದೆ ಅಂದಳು. ಒಳಗೆ ಇಟ್ಟ ಹತ್ತಿ ಯಾವಾಗ ತೆಗೆಯುತ್ತೀರಿ ಎಂದು ಪದ್ಮವ್ವ ಕೇಳಿದಳು.

"ಅದು ಹತ್ತಿ ಅಲ್ರಿ ಆಯಿ, ರಕ್ತ ನಿಲ್ಲಿಸೋ ಸ್ಪಂಜು. ತಗಿಯೂದಿಲ್ಲ, ತಾನ ಕರಗಿ ಮೈಯಾಗ ಸೇರತೈತಿ."

"ಯಾತರದ್ರಿ ಅದು?"

ಡಾಕ್ಟರು ಕೈಗವಸು ಬಿಚ್ಚುತ್ತಿದ್ದವಳು ಅಲ್ಲಿಗೇ ನಿಂತಳು. ಜಿಲೆಟಿನ್ ಅಂದಳು. ಕ್ಯಾಪ್ಸೂಲಿನ ಕವಚಕ್ಕೆ ಹಾಕುವುದೇ. ಹಂದಿಯದೋ ದನದ್ದೋ ಚರ್ಮದಿಂದ ತೆಗೆದದ್ದು. ರಕ್ತ ನಿಲ್ಲಿಸುವ ಗಡಿಬಿಡಿಯಲ್ಲಿ ಅದು ತನ್ನ ತಲೆಗೇ ಬರಲಿಲ್ಲ, ನೀವು ಅಷ್ಟು ಕೇಳಿದ್ದಿರಿ, ನಾನು ನೆನಪಿಡಬೇಕಿತ್ತು, ತಪ್ಪಾಯಿತು ಅಂದಳು. ಈಗ ತೆಗೆಯಲು ಬರುತ್ತದೆಯೇ ಎಂದು ಪದ್ಮವ್ವ ಕೇಳಿದಳು. ರಕ್ತದ ಹೆಪ್ಪಿನೊಳಗೆ ಕಲೆತಿದೆ, ಕೆದಕಿದರೆ ಗಾಯ ಕೆಡುತ್ತದೆ, ಬೇಡ ಅಂದಳು ಡಾಕ್ಟರು.

ತಿರುಗಿ ಬರುವ ಬಸ್ಸಿನಲ್ಲಿ ಪದ್ಮವ್ವ ಉಗುಳು ನುಂಗಲಿಲ್ಲ. ಸೆರಗಿನ ತುದಿಯಲ್ಲಿ ಒರೆಸಿಕೊಳ್ಳುತ್ತ ಕೂತಳು. ಇಷ್ಟು ವರ್ಷ ನೀರು, ಹಿಟ್ಟು, ಕಾಳು, ಎಲ್ಲ ಸೋಸಿ ಆರಿಸಿ ತಿಂದ ಬಾಯಿ. ಎಲ್ಲದರದ್ದೂ ಕೇಳಿದಳು, ಆ ಬಿಳಿ ತುಂಡಿನದೊಂದು ಕೇಳಲಿಲ್ಲ. ಹತ್ತಿಯ ಹಾಗೆ ಕಂಡಿತು, ಹತ್ತಿ ಎಂದುಕೊಂಡಳು.

ಮನೆಗೆ ಬಂದವಳೇ ಹಿತ್ತಿಲಿಗೆ ಹೋದಳು. ಸುಪ್ರೀತಾ ಅಂಗಳದಲ್ಲಿ ಅರಿಷಿಣದ ಬೇರು ಹರವುತ್ತಿದ್ದಳು, ಬಂಡಣ್ಣ ಕಬ್ಬಿನ ಹೊಲಕ್ಕೆ ಹೋಗಿದ್ದ. ಪದ್ಮವ್ವ ಬೇವಿನ ಕಡ್ಡಿಯೊಂದನ್ನು ಮುರಿದು, ತುದಿ ಚೂಪು ಮಾಡಿ, ಸಣ್ಣ ಕನ್ನಡಿ ಹಿಡಿದು, ಕುಳಿಯೊಳಗೆ ಕೆದಕಿದಳು. ಕಣ್ಣಿಂದ ನೀರು ಬಂತು. ಕಪ್ಪು ಹೆಪ್ಪೊಂದು ಕಿತ್ತು ಬಂತು, ಅದರಲ್ಲಿ ಬಿಳಿಯದು ಏನಾದರೂ ಇದೆಯೇ ಎಂದು ಅಂಗೈ ಮೇಲಿಟ್ಟುಕೊಂಡು ನೋಡಿದಳು. ಗೊತ್ತಾಗಲಿಲ್ಲ. ಬಾಯಿ ತೊಳೆದುಕೊಂಡು ಕಡ್ಡಿಯನ್ನು ಬೇಲಿಯಾಚೆ ಎಸೆದಳು.

ಎರಡು ದಿನಕ್ಕೆ ನೋವು ಎದ್ದಿತು. ಕಿವಿಯೊಳಗೆ, ನೆತ್ತಿಯೊಳಗೆ, ಕುತ್ತಿಗೆಯವರೆಗೆ ಎಳೆಯುತ್ತಿತ್ತು. ಹಲ್ಲಿದ್ದಾಗ ಬಂದ ನೋವು ಇದರ ಮುಂದೆ ಏನೂ ಅಲ್ಲ. ಬಂಡಣ್ಣ ತಾನೇ ಕರೆದುಕೊಂಡು ಜಮಖಂಡಿಗೆ ಓಡಿದ. ಡಾಕ್ಟರು ದೀಪ ಹಿಡಿದು ನೋಡಿದಳು. ಹೆಪ್ಪು ಹೋಗಿ ಕುಳಿಯ ತಳದ ಎಲುಬು ಬಯಲಾಗಿತ್ತು.

"ಕಡ್ಡಿ ಗಿಡ್ಡಿ ಹಾಕಿ ಕೆದಕಿದ್ರೇನ್ರಿ ಆಯಿ?"

ಪಕ್ಕದಲ್ಲಿ ಗಂಡ ನಿಂತಿದ್ದ. ಪದ್ಮವ್ವ ಅವನನ್ನು ನೋಡಿದಳು, ಡಾಕ್ಟರನ್ನು ನೋಡಿದಳು.

"ಇಲ್ರಿ. ನಾ ಏನೂ ಮುಟ್ಟಿಲ್ಲ."

ಡಾಕ್ಟರು ದೀಪ ಆರಿಸಿದಳು. ಹಾಗಾದರೆ ಕೀಳುವಾಗ ತನ್ನ ಕೈಯಿಂದಲೇ ಏನೋ ಹೆಚ್ಚುಕಡಿಮೆಯಾಗಿರಬೇಕು ಎಂದು ಬಂಡಣ್ಣನಿಗೆ ಹೇಳಿದಳು. ಕುಳಿ ತೊಳೆದು, ಲವಂಗದ ಎಣ್ಣೆಯ ಪಟ್ಟಿ ಇಟ್ಟಳು. ಇಡುವ ಮೊದಲು ಅದು ಯಾತರದ್ದೆಂದು ತಾನೇ ಹೇಳಿದಳು. ಎಂಟು ದಿನ ಒಂದಿನ ಬಿಟ್ಟು ಒಂದಿನ ಕರೆಸಿ ಪಟ್ಟಿ ಬದಲಿಸಿದಳು. ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು, ನೋವು ಕಡಿಮೆಯಾಯಿತೇ ಎಂದು ಎರಡೆರಡು ಸಲ ಕೇಳುತ್ತಿದ್ದಳು.

ನೋವು ಹೋಯಿತು. ಪದ್ಮವ್ವ ಪತ್ರ ಬರೆಯಲು ಕೂತಳು. "ಪೂಜ್ಯ ಮಾತಾಜಿಯವರ ಚರಣಗಳಿಗೆ ವಂದಾಮಿ" ಎಂಬ ಸಾಲು ಚೆನ್ನಾಗಿ ಬಂತು. ಮುಂದೆ ಕೈ ಓಡಲಿಲ್ಲ. ಕೆಡದೆ ನಡೆದಿವೆ ಎಂದು ಬರೆಯಲೇ? ಸ್ಪಂಜಿನ ಮಾತನ್ನು ಮನೆಯಲ್ಲಿ ಹೇಳಿಕೊಂಡಳು. ಅದು ಔಷಧ, ಹೊಟ್ಟೆಗೆ ಹೋದದ್ದಲ್ಲ, ಗೊತ್ತಿದ್ದು ಮಾಡಿದ್ದೂ ಅಲ್ಲ, ಅದನ್ನೇಕೆ ಬರೆಯುತ್ತೀ ಅಂದ ಬಂಡಣ್ಣ. ಸಂಘದ ಜೊತೆಗಿರುವವರಿಗೆ ಫೋನು ಹಚ್ಚಿ ಕೇಳಿದರಾಯಿತು ಎಂದು ಸುಪ್ರೀತಾ ಹೇಳಿದಳು. ಕೈಯಾರೆ ಬರೆದು ಕಳಿಸಲಿ ಎಂದಿದ್ದಾರೆ, ಫೋನಲ್ಲ, ಎಂದು ಪದ್ಮವ್ವ ಹಾಳೆ ಮಡಚಿದಳು. ಬೇವಿನ ಕಡ್ಡಿಯ ಮಾತನ್ನು ಯಾರಿಗೂ ಹೇಳಲಿಲ್ಲ.

ಕಾಂಚನಾ ಚಿಕ್ಕವಳಿದ್ದಾಗ ಬೆಲ್ಲದ ಚೂರಿನಲ್ಲಿ ಇರುವೆಯೊಂದು ಸತ್ತದ್ದನ್ನು ಕಂಡು ಎರಡು ದಿನ ಉಪವಾಸವಿದ್ದವಳು. ತಿಂದಿರಲಿಲ್ಲ, ಕಂಡಿದ್ದಳು ಅಷ್ಟೇ. ಅಂಥವಳ ಕಣ್ಣ ಮುಂದೆ ಈ ಪತ್ರ ಬಿಚ್ಚಿಕೊಳ್ಳುವುದನ್ನು ನೆನೆದರೆ ಪದ್ಮವ್ವ ಪೆನ್ನು ಕೆಳಗಿಟ್ಟುಬಿಡುತ್ತಿದ್ದಳು. ಪರ್ಯೂಷಣ ಪರ್ವ ಹೋಯಿತು, ಭಾದ್ರಪದವೂ ಹೋಯಿತು. ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುವ ದಿನ ಅವಳು ಓಣಿಯ ಮನೆಮನೆಗೆ ಹೋಗಿ ಕೈ ಮುಗಿದು ಬಂದಳು. ಜಮಖಂಡಿಗೆ ಹೋಗಲಿಲ್ಲ.

ಕುಳಿ ಮುಚ್ಚಿ ಗಟ್ಟಿಯಾಗಲು ಎಂಟು ವಾರ ಹಿಡಿಯಿತು. ಅಕ್ಟೋಬರ್ ನಡುವೆ ಅಳತೆ ತೆಗೆದು, ಮುಂದಿನ ವಾರ ಪ್ಲೇಟು ಕೊಟ್ಟರು. ರಾತ್ರಿ ತೆಗೆದು ಸೋಸಿದ ನೀರಿನಲ್ಲಿಟ್ಟಳು.

"ನಿನ್ನ ಜೋಡಿ ಬಂದ ಹಲ್ಲಿಗೂ ರಾತ್ರಿ ಊಟ ತಪ್ಪಿತು," ಅಂದ ಬಂಡಣ್ಣ.

ಅವಳು ನಗಲು ಹೋದಳು, ಆಗಲಿಲ್ಲ. ದೀಪಾವಳಿಗೆ ಎಂಟು ದಿನ ಉಳಿದಿತ್ತು. ಪ್ಲೇಟಿನ ಅಂಚು ಒಸಡಿಗೆ ಒತ್ತುತ್ತಿತ್ತು. ರಕ್ತ ಬಂದರೆ ಮತ್ತೆ ಅಂತರಾಯ. ಮರುದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿದಳು.

ಡಾಕ್ಟರು ಪ್ಲೇಟನ್ನು ತೊಳೆದು, ಸಣ್ಣ ಯಂತ್ರದಲ್ಲಿ ಅಂಚು ಉಜ್ಜತೊಡಗಿದಳು. ಉಜ್ಜುತ್ತಲೇ ಹೇಳಿದಳು: ಈಗ ಹತ್ತಿಯಿಂದಲೇ ಮಾಡಿದ ಸ್ಪಂಜು ತರಿಸಿದ್ದೇನೆ, ಯಾರೇ ಬಂದರೂ ಮೊದಲು ಕೇಳಿಯೇ ಹಾಕುವುದು. ಅದು ಒಳ್ಳೆಯದೇ ಆಯಿತು ಎಂದು ಪದ್ಮವ್ವ ತಲೆಯಾಡಿಸಿದಳು. ಆಮೇಲೆ ಡಾಕ್ಟರು ಇನ್ನೊಂದು ಮಾತು ಹೇಳಿದಳು. ನಿಮ್ಮ ಗಾಯ ಹಾಗೆ ಕೆಟ್ಟ ಮೇಲೆ ವಯಸ್ಸಾದವರ ಹಲ್ಲು ಕೀಳಲು ನನಗೆ ಕೈ ನಡುಗುತ್ತದೆ, ಇದೇ ಊರಿನ ಇಬ್ಬರು ಮುದುಕರನ್ನು ಬಾಗಲಕೋಟೆಗೆ ಕಳಿಸಿಬಿಟ್ಟೆ, ಅವರಿಗೆ ಬಸ್ಸು ಹತ್ತಲೂ ಆಗುತ್ತಿರಲಿಲ್ಲ ಅಂದಳು. ದೂರಿದ್ದಲ್ಲ, ತನ್ನ ಪಾಡಿಗೆ ತಾನು ಹೇಳಿಕೊಂಡಂತೆ ಹೇಳಿದಳು.

ಪದ್ಮವ್ವನಿಗೆ ಕುರ್ಚಿ ಗಕ್ಕನೆ ಹಿಂದೆ ಸರಿದ ಹಾಗಾಯಿತು. ಎರಡು ತಿಂಗಳಿಂದ ಅವಳು ಒಂದೇ ಸಮನೆ ಆ ಬಿಳಿ ತುಂಡನ್ನು ತೂಗಿ ನೋಡುತ್ತಿದ್ದಳು. ಅದನ್ನು ಬೇರೆಯವರು ಇಟ್ಟದ್ದು, ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದು ಮಾಡಿದ್ದು ಬೇರೆಯೇ ಇತ್ತು. ಸುಳ್ಳಾಡುವುದಿಲ್ಲ ಎಂದು ಹಿಡಿದ ವ್ರತವನ್ನು ಇದೇ ಕುರ್ಚಿಯಲ್ಲಿ ಕೂತು, ಗಂಡನ ಮುಂದೆ, ಬಾಯಿ ತೆರೆದುಕೊಂಡೇ ಮುರಿದಿದ್ದಳು. ಈ ಹುಡುಗಿ ಹತ್ತಿ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಅನ್ನಲಿಲ್ಲ. ಕೇಳಿದ ಕೂಡಲೇ ಹೇಳಿದ್ದಳು.

"ತಪ್ಪ ನಿಮ್ದಲ್ರಿ ಅಕ್ಕಾರ," ಅಂದಳು ಪದ್ಮವ್ವ. ಪ್ಲೇಟಿಲ್ಲದ ಬಾಯಲ್ಲಿ ಗಾಳಿ ಸೋರಿ ಮಾತು ಮೆತ್ತಗೆ ಬಂತು. "ನಾನ ಕೆದಕಿದ್ದೆ. ಬೇವಿನ ಕಡ್ಡೀಲೆ. ಅದನ್ನ ತಗೀಬೇಕಂತ."

ಯಂತ್ರ ನಿಂತಿತು. ಡಾಕ್ಟರು ಪ್ಲೇಟನ್ನು ಕೈಯಲ್ಲೇ ಹಿಡಿದುಕೊಂಡು ಅವಳನ್ನು ನೋಡಿದಳು. ಮುಖ ಕೆಂಪಗಾಯಿತು.

"ಎರಡ ತಿಂಗಳಾತ್ರಿ ಆಯಿ," ಅಂದಳು.

ಪದ್ಮವ್ವ ಕುರ್ಚಿಯಲ್ಲಿ ಅವಳ ಕಡೆ ತಿರುಗಿದಳು. ಕೈ ಮುಗಿದಳು. ಡಾಕ್ಟರು ಆ ಕೈಗಳನ್ನು ನೋಡಿಯೂ ನೋಡದವಳಂತೆ ತಿರುಗಿ, ಮತ್ತೆ ಅಂಚು ಉಜ್ಜಿದಳು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. ಕಡೆಗೆ ಪ್ಲೇಟನ್ನು ಬಾಯಲ್ಲಿ ಕೂಡಿಸಿ, ಕಚ್ಚಿರಿ ಅಂದಳು. ಒತ್ತುತ್ತದೆಯೇ ಎಂದು ಕೇಳಿದಳು. ಇಲ್ಲ ಅಂದಳು ಪದ್ಮವ್ವ. ಖರೆ ಹೇಳಿರಿ ಅಂದಳು ಡಾಕ್ಟರು. ಖರೆ, ಒತ್ತುವುದಿಲ್ಲ, ಅಂದಳು.

ಮನೆಗೆ ಬಂದು ಪದ್ಮವ್ವ ಮೊದಲು ಊಟ ಮಾಡಿದಳು. ಒಂದು ರೊಟ್ಟಿಗೆ ಮುಕ್ಕಾಲು ಗಂಟೆ ಹಿಡಿಯಿತು. ರಕ್ತ ಕಾಣಲಿಲ್ಲ. ಆಮೇಲೆ ಪಡಸಾಲೆಯಲ್ಲಿ ಹೊಸ ಹಾಳೆ ಹಾಸಿಕೊಂಡು ಕೂತಳು. ಇಷ್ಟು ದಿನ ಬಾರದ ಸಾಲುಗಳು ಸರಸರ ಬಂದವೆಂದೇನಲ್ಲ. ಒಂದೊಂದು ಅಕ್ಷರಕ್ಕೂ ನಿಂತು ನಿಂತು ಬರೆದಳು.

"ಪೂಜ್ಯ ಮಾತಾಜಿಯವರ ಚರಣಗಳಿಗೆ ವಂದಾಮಿ. ನನ್ನ ಹಲ್ಲು ಕಿತ್ತ ಜಾಗದಲ್ಲಿ ಚರ್ಮದಿಂದ ಮಾಡಿದ ಔಷಧ ಇಟ್ಟಿದ್ದರು. ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕಡ್ಡಿಯಿಂದ ಕೆದಕಿದೆ, ಗಾಯ ಕೆಟ್ಟಿತು. ಡಾಕ್ಟರು ಕೇಳಿದಾಗ ಮುಟ್ಟಿಲ್ಲ ಎಂದು ಸುಳ್ಳು ಹೇಳಿದೆ. ಅವರು ತಮ್ಮ ತಪ್ಪೆಂದು ತಿಳಿದು ಎರಡು ತಿಂಗಳು ಕೊರಗಿದರು. ಅದರಿಂದ ಬೇರೆಯವರಿಗೂ ತೊಂದರೆಯಾಯಿತು. ಇಂದು ಅವರಿಗೆ ಖರೆ ಹೇಳಿ ಬಂದಿದ್ದೇನೆ. ವ್ರತ ಕೆಟ್ಟಿದೆ. ಒಪ್ಪತ್ತು ಕೊಡುತ್ತೀರೋ ಇಲ್ಲವೋ ತಮಗೆ ಬಿಟ್ಟದ್ದು. ಪ್ರಾಯಶ್ಚಿತ್ತ ಮಾತ್ರ ಕೊಡಬೇಕು."

ಕೆಳಗೆ ಹೆಸರು ಬರೆದಳು. ಅಕ್ಕ ಎಂದು ಬರೆಯಬೇಕೆನಿಸಿತು, ಬರೆಯಲಿಲ್ಲ. ಗಂಡನಿಗೆ ಓದಲು ಕೊಟ್ಟಳು. ಬಂಡಣ್ಣ ಕನ್ನಡಕ ಏರಿಸಿ ಎರಡು ಸಲ ಓದಿದ. ಕಡ್ಡಿಯ ಸಾಲು ಬಂದಾಗ ಅವಳ ಕಡೆ ನೋಡಿದ. ಹಾಳೆ ಮಡಚಿ ಕೊಟ್ಟು, ಅಂಚೆ ಕಚೇರಿ ಮುಚ್ಚುವುದರೊಳಗೆ ನಡಿ ಎಂದು ಗಾಡಿ ತೆಗೆದ.

ಅಂಚೆ ಕಚೇರಿಯಲ್ಲಿ ಗುಮಾಸ್ತ ರೇವಪ್ಪ ಅಂದಿನ ಟಪಾಲು ಚೀಲಕ್ಕೆ ತುಂಬುತ್ತಿದ್ದ. ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ ನಾಳೆಗೆ ಬೀಳುತ್ತಿತ್ತು ಅಂದ. ವಿಳಾಸ ಓದಿ, ಚಾತುರ್ಮಾಸ ಮುಗಿಯುತ್ತ ಬಂತಲ್ಲ ಅಂದ. ದೀಪಾವಳಿಯೊಳಗೆ ಮುಟ್ಟುತ್ತದೆಯೇ ಎಂದು ಪದ್ಮವ್ವ ಕೇಳಿದಳು. ಸ್ಪೀಡ್ ಪೋಸ್ಟು, ಮೂರು ದಿನ, ಹೆಚ್ಚೆಂದರೆ ನಾಲ್ಕು ಅಂದ. ಲಕೋಟೆಯ ಮೇಲೆ ಚೀಟಿ ಅಂಟಿಸಿ, ಮುದ್ರೆ ಒತ್ತಿ, ಚೀಲಕ್ಕೆ ಹಾಕಿದ. ರಸೀದಿ ಕೊಟ್ಟ ಮೇಲೂ ಅವಳು ಹೋಗಲಿಲ್ಲ. ಅವನು ಚೀಲದ ಬಾಯಿಗೆ ಹುರಿ ಸುತ್ತಿ ಗಂಟು ಬಿಗಿಯುವವರೆಗೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು.